ಕೈತೋಟದ ಹುರುಳಿಕಾಯಿ: ಗಿಡಕ್ಕೆ ಗಿಡ ಎಷ್ಟು ದೂರವಿರಬೇಕು?

ಕಳೆದ ಮುಂಗಾರಿನಲ್ಲಿ ಒಬ್ಬ ರೈತರ ಮನೆಗೆ ಹೋಗಿದ್ದೆ. ಆ ಮನೆಯಾಕೆ ಹಿತ್ತಿಲಿಗೆ ಕರೆದೊಯ್ದು ಹುರುಳಿಕಾಯಿಯ ಮಡಿಯನ್ನು ತೋರಿಸಿದರು. "ಗಿಡ ಚೆನ್ನಾಗೇ ಬಂದೈತೆ ಸಾರ್, ಕಾಯಿ ಮಾತ್ರ ಒಂದು ಹೊತ್ತಿನ ಪಲ್ಯಕ್ಕೂ ಸಾಲಕಿಲ್ಲ" ಎಂದರು. ನೋಡಿದರೆ 10 ಅಡಿ ಉದ್ದ, 4 ಅಡಿ ಅಗಲದ ಮಡಿಯಲ್ಲಿ ಕಾಲು ಕಿಲೋ ಬೀಜವನ್ನು ರಾಗಿಯಂತೆ ಎರಚಿದ್ದರು. ಮೇಲೆ ಹಸಿರು ಚಪ್ಪರದಂತೆ ಎಲೆ. ಒಳಗೆ ಕೈ ಹಾಕಿದರೆ ಹಳದಿಯಾದ ಎಲೆಗಳು, ತೆಳ್ಳನೆಯ ಕಾಂಡ, ತುಕ್ಕಿನ ಚುಕ್ಕೆ. ತಪ್ಪು ಬೀಜದ್ದಲ್ಲ, ಗೊಬ್ಬರದ್ದೂ ಅಲ್ಲ. ಗಿಡಗಳಿಗೆ ಜಾಗವಿರಲಿಲ್ಲ, ಅಷ್ಟೆ.

ಗಿಡಕ್ಕೆ ಬೇಕಾದ ಜಾಗ

ಹುರುಳಿಕಾಯಿಯಲ್ಲಿ ಬಳ್ಳಿ ಜಾತಿ, ಪೊದೆ ಜಾತಿ ಎಂದು ಎರಡು ಬಗೆ. ಪೊದೆ ಜಾತಿಗೆ ಆಸರೆ ಬೇಡ. ಸುಮಾರು 70 ದಿನಗಳಲ್ಲಿ ಬೆಳೆ ಮುಗಿಯುತ್ತದೆ. ಆದ್ದರಿಂದ ಚಿಕ್ಕ ಕೈತೋಟಕ್ಕೆ ಇದೇ ಸೂಕ್ತ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್, ಅರ್ಕಾ ಸುವಿಧಾ, ಅರ್ಕಾ ಅನೂಪ್ ಇಂಥ ತಳಿಗಳು.

ಹೊಲದಲ್ಲಿ ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರ ಕೊಟ್ಟರೆ ಪ್ರತಿ ಗಿಡಕ್ಕೆ 450 ಚದರ ಸೆಂ.ಮೀ. ಜಾಗ ಸಿಗುತ್ತದೆ. ಅಲ್ಲಿ ಸಾಲಿನ ನಡುವೆ ಕುಂಟೆ ಹಾಯಬೇಕಾದ್ದರಿಂದ ಸಾಲುಗಳು ದೂರವಿರಲೇಬೇಕು. ಕೈತೋಟದಲ್ಲಿ ಕಳೆ ತೆಗೆಯುವುದು ಕೈಯಿಂದ. ಹಾಗಾಗಿ ಸಾಲುಗಳನ್ನು 30 ಸೆಂ.ಮೀ.ಗೆ (ಒಂದು ಅಡಿ) ಹತ್ತಿರ ತಂದು, ಗಿಡಗಳನ್ನು 15 ಸೆಂ.ಮೀ.ಗೆ (ಅರ್ಧ ಅಡಿ) ದೂರ ಮಾಡಬಹುದು. ಆಗಲೂ ಗಿಡವೊಂದಕ್ಕೆ ಸಿಗುವುದು ಅದೇ 450 ಚದರ ಸೆಂ.ಮೀ. ಆದರೆ ಗಿಡಗಳು ಒಂದಕ್ಕೊಂದು ಒತ್ತಿಕೊಳ್ಳದೆ ಬಿಸಿಲನ್ನೂ ನೀರನ್ನೂ ಸಮವಾಗಿ ಹಂಚಿಕೊಳ್ಳುತ್ತವೆ.

ಮಳೆಗಾಲದಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ಅಂತರ ಬೇಕು. ಎಲೆಯ ಮೇಲೆ ನೀರು ಹೆಚ್ಚು ಹೊತ್ತು ನಿಂತಷ್ಟೂ ತುಕ್ಕು ರೋಗ, ಚಿಬ್ಬು ರೋಗಗಳಿಗೆ ಅನುಕೂಲ. ಸಾಲಿಗೆ ಸಾಲು 40 ಸೆಂ.ಮೀ. ಬಿಟ್ಟರೆ ಗಾಳಿಯಾಡಿ ಎಲೆ ಬೇಗ ಒಣಗುತ್ತದೆ.

ಒಂದು ಮಡಿಯ ಲೆಕ್ಕ

3 ಮೀಟರ್ ಉದ್ದ, 1.2 ಮೀಟರ್ ಅಗಲದ (10 ಅಡಿ × 4 ಅಡಿ) ಏರುಮಡಿ ಮಾಡಿಕೊಳ್ಳಿ. ಇದಕ್ಕೆ 9-10 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸುಮಾರು 225 ಗ್ರಾಂ ಸೂಪರ್ ಫಾಸ್ಫೇಟ್, 45 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್, 25 ಗ್ರಾಂ ಯೂರಿಯಾ ಬೆರೆಸಿ. ದ್ವಿದಳ ಬೆಳೆಗೆ ಸಾರಜನಕ ಬೇಡವೆಂಬ ಮಾತು ಇಲ್ಲಿ ಪೂರ್ತಿ ಸಲ್ಲದು. ಅಲಸಂದೆಯಷ್ಟು ಸಾರಜನಕವನ್ನು ಗಾಳಿಯಿಂದ ಹಿಡಿಯುವ ಶಕ್ತಿ ಹುರುಳಿಕಾಯಿಗೆ ಇಲ್ಲ. ಹಾಗೆಂದು ಯೂರಿಯಾ ಹೆಚ್ಚು ಸುರಿದರೆ ಬರುವುದು ಎಲೆ, ಕಾಯಲ್ಲ.

ಮಡಿಯ ಉದ್ದಕ್ಕೆ 4 ಸಾಲು ಎಳೆಯಿರಿ. ಅಂಚಿನ ಸಾಲುಗಳು ಮಡಿಯ ಬದಿಯಿಂದ 15 ಸೆಂ.ಮೀ. ಒಳಗಿರಲಿ. ಸಾಲಿಗೆ 20 ಗುಣಿಯಂತೆ ಒಟ್ಟು 80 ಗುಣಿ. ಗುಣಿಗೆ ಎರಡು ಬೀಜದಂತೆ 3 ಸೆಂ.ಮೀ. ಆಳಕ್ಕೆ ಊರಿರಿ. 50-60 ಗ್ರಾಂ ಬೀಜ ಸಾಕು. ಕಾಲು ಕಿಲೋ ಬೇಡ. ಈ ಬೆಳೆಯ ಮೊಳಕೆ ಬೇಳೆಗಳನ್ನು ಹೊತ್ತುಕೊಂಡೇ ಮೇಲೇಳುವುದರಿಂದ ಮೇಲ್ಮಣ್ಣು ಗಟ್ಟಿಯಾದರೆ ಕತ್ತು ಮುರಿಯುತ್ತದೆ. ಬೀಜದ ಮೇಲೆ ಪುಡಿಗೊಬ್ಬರ ಬೆರೆತ ಸಡಿಲ ಮಣ್ಣು ಹಾಕಿ, ಹನಿಸುವ ಡಬ್ಬಿಯಿಂದ ನೀರು ಕೊಡಿ.

ಹೆಚ್ಚಿನ ಸಸಿ ತೆಗೆಯಲು ಹಿಂಜರಿಯಬೇಡಿ

ಎರಡು ಬೀಜ ಊರುವುದು ಮುನ್ನೆಚ್ಚರಿಕೆಗಾಗಿ. ಒಂದು ಹುಟ್ಟದೆ ಹೋಗಬಹುದು, ಇಲ್ಲವೆ ಕಾಂಡ ಕೊರೆಯುವ ನೊಣಕ್ಕೆ ತುತ್ತಾಗಬಹುದು. ಬಿತ್ತಿದ 12-15 ದಿನಗಳಿಗೆ ಗುಣಿಗೊಂದು ಗಟ್ಟಿ ಸಸಿ ಉಳಿಸಿ, ಇನ್ನೊಂದನ್ನು ಬುಡದಲ್ಲಿ ಚಿವುಟಿರಿ. ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುತ್ತದೆ. ಹುಟ್ಟಿದ ಗಿಡವನ್ನು ಕೈಯಾರೆ ತೆಗೆಯಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಹೆಚ್ಚು ಬಿತ್ತುವುದು ತಪ್ಪಲ್ಲ. ಹೆಚ್ಚಾದದ್ದನ್ನು ಉಳಿಸಿಕೊಳ್ಳುವುದೇ ತಪ್ಪು. ಹಾಗೆ ಉಳಿದ ಎರಡನೆಯ ಗಿಡ ತಾನೂ ಕಾಯಿ ಬಿಡದೆ, ಪಕ್ಕದ ಗಿಡಕ್ಕೂ ಬಿಡಗೊಡುವುದಿಲ್ಲ. ಸಸಿ ಹುಟ್ಟದ ಗುಣಿಗೆ ಬೇರೆಡೆಯಿಂದ ಕಿತ್ತು ನೆಡುವುದಕ್ಕಿಂತ ಮೊದಲ ವಾರದಲ್ಲೇ ಮತ್ತೆ ಬೀಜ ಊರುವುದು ಒಳ್ಳೆಯದು.

ಮುಂದಿನ ಆರೈಕೆ

ಮೂರನೆಯ ವಾರದ ಕೊನೆಗೆ ಕಳೆ ತೆಗೆದು, ಉಳಿದ 25 ಗ್ರಾಂ ಯೂರಿಯಾವನ್ನು ಸಾಲಿನ ಬದಿಗೆ ಹಾಕಿ, ಬುಡಕ್ಕೆ ಮಣ್ಣು ಏರಿಸಿ. ಹೂ ಬಿಡುವ ಮತ್ತು ಕಾಯಿ ಕಟ್ಟುವ ಕಾಲದಲ್ಲಿ ತೇವ ಕಡಿಮೆಯಾಗದಂತೆ ನೋಡಿಕೊಳ್ಳಿ. ನೀರು ನಿಲ್ಲಲೂ ಬಾರದು. ಎಲೆ ಒದ್ದೆಯಾಗಿರುವಾಗ ಗಿಡಗಳ ನಡುವೆ ಕೈಯಾಡಿಸಬೇಡಿ, ರೋಗ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಕಡು ಬೇಸಿಗೆಯಲ್ಲಿ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಹೂ ಉದುರುತ್ತದೆ. ಆದ್ದರಿಂದ ಬಯಲುಸೀಮೆಯ ಬಿಸಿ ಊರುಗಳಲ್ಲಿ ಏಪ್ರಿಲ್-ಮೇ ತಿಂಗಳಿಗೆ ಹೂ ಬರುವಂತೆ ಬಿತ್ತಬಾರದು.

ಸುಮಾರು 45-50 ದಿನಗಳಿಗೆ ಮೊದಲ ಕಾಯಿ ಬರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಎಳೆಯ ಕಾಯಿ ಬಿಡಿಸಿ. ಕಾಯಿ ಗಿಡದಲ್ಲೇ ಬಲಿತರೆ ಹೊಸ ಹೂ ಕಡಿಮೆಯಾಗುತ್ತದೆ. ಚೆನ್ನಾಗಿ ನೋಡಿಕೊಂಡ ಇಂಥ ಒಂದು ಮಡಿಯಿಂದ ಒಟ್ಟು 4-5 ಕಿಲೋ ಕಾಯಿ ನಿರೀಕ್ಷಿಸಬಹುದು. ಒಂದೇ ಸಲ ಎಲ್ಲವನ್ನೂ ಬಿತ್ತದೆ, 20 ದಿನಕ್ಕೊಂದು ಮಡಿಯಂತೆ ಮೂರು ಮಡಿಗಳಲ್ಲಿ ಬಿತ್ತಿದರೆ ಎರಡು ತಿಂಗಳಷ್ಟು ಕಾಲ ಅಡಿಗೆಗೆ ಕಾಯಿ ಒದಗುತ್ತದೆ. ಬೆಳೆ ಮುಗಿದ ಮಡಿಗೆ ಮತ್ತೆ ಹುರುಳಿಕಾಯಿ ಹಾಕದೆ ಸೊಪ್ಪನ್ನೋ ಮೂಲಂಗಿಯನ್ನೋ ಬೆಳೆಯಿರಿ.

ಆ ಮನೆಯಾಕೆ ಮುಂದಿನ ಬಿತ್ತನೆಗೆ ಬೀಜ ಎರಚಲಿಲ್ಲ. ಅಡಿಕೋಲು ಹಿಡಿದು ಪಕ್ಕದ ಮಡಿಯಲ್ಲಿ ಸಾಲು ಎಳೆದರು. ಸಸಿ ಚಿವುಟುವ ದಿನ ಮಾತ್ರ ಬಹಳ ಸಂಕಟಪಟ್ಟರಂತೆ. ಈಗ ಅವರ ಮನೆಯಲ್ಲಿ ಪಲ್ಯಕ್ಕೆ ಕೊರತೆಯಿಲ್ಲ. ನಿಮ್ಮ ಹಿತ್ತಿಲಲ್ಲೂ ಒಂದು ಮಡಿಯನ್ನು ಹೀಗೆ ಅಳೆದು ಬಿತ್ತಿ ನೋಡಿ.