ಬೀಜದ ಪಾಲು ಮೊದಲು ತೆಗೆದಿಡಿ

ಪ್ರಶ್ನೆ: ಬಡಾವಣೆಯ ಹತ್ತು ಮನೆಯವರು ಸೇರಿ ಖಾಲಿ ಜಾಗವೊಂದರಲ್ಲಿ ತರಕಾರಿ ಬೆಳೆಯುತ್ತಿದ್ದೇವೆ. ಈ ಸಲ ಬಗೆಬಗೆಯ ಗೆಡ್ಡೆ ಗೆಣಸು ಹಾಕುವ ಆಸೆ. ರಾಸಾಯನಿಕ ಗೊಬ್ಬರ, ಔಷಧಿ ಇಲ್ಲದೆ ಬರುತ್ತವೆಯೇ? ಎಲ್ಲವನ್ನೂ ಒಟ್ಟಿಗೆ ಹಾಕಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ ಬರುತ್ತವೆ. ಉತ್ತರ ಕನ್ನಡದ ಜೊಯಿಡಾದಲ್ಲಿ ಕುಣಬಿ ಜನರ ಹಿತ್ತಲುಗಳನ್ನು ನೋಡಿದರೆ ನಿಮ್ಮ ಅನುಮಾನ ಹೋಗುತ್ತದೆ. ಕೆಸು, ಹೆಗ್ಗೆಣಸು, ಮುಳ್ಳುಗೆಣಸು ಅಲ್ಲಿ ತಲೆಮಾರುಗಳಿಂದ ಸಗಣಿ ಗೊಬ್ಬರ, ತರಗೆಲೆಯಲ್ಲೇ ಬೆಳೆದು ಬಂದಿವೆ. ಅಲ್ಲಿ ನಡೆಯುವ ಗೆಡ್ಡೆ ಗೆಣಸು ಮೇಳಕ್ಕೆ ನಿಮ್ಮವರೆಲ್ಲ ಒಮ್ಮೆ ಹೋಗಿಬನ್ನಿ.

ತೋಟ ಒಂದೇ ಆದರೂ ಜಾಗ ಬೇರೆ ಬೇರೆ ಇರಲಿ. ಕೆಸುವಿಗೆ ತಂಪು ಬೇಕು, ನಲ್ಲಿಯ ನೀರು ಹರಿಯುವ ಕಡೆ ಹಾಕಿ. ಹೆಗ್ಗೆಣಸು ಬಳ್ಳಿ, ಬೇಲಿಯೋ ನುಗ್ಗೆ ಮರವೋ ಸಿಕ್ಕರೆ ತಾನೇ ಹಬ್ಬುತ್ತದೆ. ಸಿಹಿಗೆಣಸಿಗೆ ಚೆನ್ನಾಗಿ ಬಿಸಿಲು ಬೀಳುವ ಏರುಮಡಿ ಮಾಡಿ, ಬಳ್ಳಿಯ ತುಂಡು ನೆಡಿ. ನಾಲ್ಕು ತಿಂಗಳಿಗೆ ಕೀಳಬಹುದು. ಅದಕ್ಕೆ ಮೂತಿಹುಳುವಿನ ಕಾಟ ಹೆಚ್ಚು. ಗೆಣಸು ಮಣ್ಣಿನಿಂದ ಹೊರಗೆ ಕಾಣದಂತೆ ಆಗಾಗ ಮಣ್ಣು ಏರಿಸಿ, ಮುಂದಿನ ವರ್ಷ ಜಾಗ ಬದಲಿಸಿ. ಅತಿಯಾಗಿ ಗೊಬ್ಬರ ಸುರಿದರೆ ಬಳ್ಳಿ ಸೊಂಪಾಗುತ್ತದೆ, ಗೆಣಸು ಮಾತ್ರ ಬೆರಳ ಗಾತ್ರ.

ಸುವರ್ಣಗೆಡ್ಡೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಹೊಸಬರು ಎಡವುವುದು ಅಲ್ಲೇ. ಗೆಡ್ಡೆಯ ನೆತ್ತಿಯ ಮೇಲೆ ನಸುಗೆಂಪು ಮೊಳಕೆ ಇರುತ್ತದೆ. ಹಲಸಿನ ಹಣ್ಣಿನ ತೊಳೆ ಬಿಡಿಸುವಂತೆ ಸುಮ್ಮನೆ ತುಂಡು ಮಾಡಬೇಡಿ. ಪ್ರತಿ ಹೋಳಿಗೂ ಆ ಮೊಳಕೆಯ ಒಂದಿಷ್ಟು ಭಾಗ ಬರುವಂತೆ ಮೇಲಿನಿಂದ ಕೆಳಕ್ಕೆ ಸೀಳಿ. ಹೋಳು ಅರ್ಧ ಕಿಲೋಗೆ ಕಡಿಮೆ ಇರದಿರಲಿ. ಸಗಣಿ ಬಗ್ಗಡದಲ್ಲಿ ಅದ್ದಿ ನೆರಳಲ್ಲಿ ಆರಿಸಿ. ಶಿವರಾತ್ರಿ ಕಳೆದ ಮೇಲೆ ಮೂರಡಿಗೊಂದು ಗುಂಡಿ ತೆಗೆದು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ನೆಟ್ಟು, ಮೇಲೆ ದಪ್ಪಗೆ ತರಗು ಮುಚ್ಚಿ. ಹಸಿ ಸಗಣಿ ಹಾಕಿ ಒಂದು ವರ್ಷ ನನ್ನ ಅಷ್ಟೂ ಹೋಳುಗಳು ಕೊಳೆತವು. ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ದಂಟು ಬಿದ್ದಾಗ ಅಗೆಯಿರಿ. ಹೆಚ್ಚುವಾಗ ಕೈಗೆ ಎಣ್ಣೆ, ಬೇಯಿಸುವಾಗ ಹುಣಸೆಹುಳಿ ಮರೆಯಬೇಡಿ, ತುರಿಕೆ ತಗ್ಗುತ್ತದೆ.

ಕಾಡಿನಿಂದ ತಂದ ಗುರುತಿಲ್ಲದ ಗೆಣಸನ್ನು ಮಾತ್ರ ಯಾರೂ ಬಾಯಿಗೆ ಹಾಕಬೇಡಿ, ಕೆಲವು ವಿಷ.

ಇನ್ನೊಂದು ಮಾತು. ಬದನೆ, ಟೊಮೆಟೊ ಬೀಜ ಅಂಗಡಿಯಲ್ಲಿ ಸಿಗುತ್ತದೆ. ನೇರಳೆ ತಿರುಳಿನ ಹೆಗ್ಗೆಣಸು ಹಾಗೆ ಸಿಗುವುದಿಲ್ಲ. ತಿನ್ನುವ ಗೆಡ್ಡೆಯೇ ಅದರ ಬೀಜ. ಹತ್ತು ಮನೆಯವರೂ ತಿಂದು ಮುಗಿಸಿದರೆ ನಿಮ್ಮ ತೋಟದಲ್ಲಿ ಆ ತಳಿ ಅಲ್ಲಿಗೆ ಮುಗಿಯಿತು. ಆದ್ದರಿಂದ ಅಗೆದ ದಿನ, ಮನೆಗಳಿಗೆ ಹಂಚುವ ಮೊದಲೇ, ಪ್ರತಿ ಬಗೆಯಲ್ಲೂ ಗಾಯವಿಲ್ಲದ ಒಳ್ಳೆಯ ಗೆಡ್ಡೆಗಳನ್ನು ಆರಿಸಿ, ಗಾಳಿಯಾಡುವ ನೆರಳಲ್ಲಿ ಹರಡಿಡಿ. ಎರಡು ಮನೆಗಳಲ್ಲಾದರೂ ಇರಲಿ; ಒಂದು ಕಡೆ ಇಲಿ ತಿಂದರೂ ಇನ್ನೊಂದು ಕಡೆ ಉಳಿಯುತ್ತದೆ.