ಇಲಿಯಲ್ಲಿ ಕುಗ್ಗಿದ ಪ್ರಾಸ್ಟೇಟ್, ಮನುಷ್ಯರಿಗೆ ಸಿಗದ ಪರಿಹಾರ

ಪ್ರಶ್ನೆ: ನನಗೆ 64 ವರ್ಷ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತೇನೆ. ಬೊಟಾಕ್ಸ್ ಚುಚ್ಚಿದಾಗ ಇಲಿಗಳಲ್ಲಿ ಈ ಗ್ರಂಥಿ ಕುಗ್ಗಿತೆಂದು ಓದಿದೆ. ನಾನೂ ಚುಚ್ಚಿಸಿಕೊಳ್ಳಬಹುದೇ ಡಾಕ್ಟ್ರೇ?

ಉತ್ತರ: ಬೇಡ. ಆದರೆ ನೀವು ಓದಿದ್ದು ಸುಳ್ಳಲ್ಲ. ಬೊಟಾಕ್ಸ್ ಎಂದರೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ನರವಿಷ. ಔಷಧವಾಗಿ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸುತ್ತಾರೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರದಂತೆ ಅದು ತಡೆಯುತ್ತದೆ. ಪ್ರಾಸ್ಟೇಟ್ ಬೆಳೆಯುವುದು ಹಾರ್ಮೋನಿನಿಂದಲಾದರೂ ಅದಕ್ಕೆ ನರಗಳ ಆಸರೆಯೂ ಬೇಕು. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ವಿಷ ಚುಚ್ಚಿದ ಇಲಿಗಳ ಪ್ರಾಸ್ಟೇಟ್ ಸೊರಗಿತು. ಆದರೆ ನಿಮಗೆ ಬೇಕಾದದ್ದು ಗ್ರಂಥಿ ಕುಗ್ಗುವುದಷ್ಟೇ ಅಲ್ಲ, ಮೂತ್ರದ ತೊಂದರೆ ಕಡಿಮೆಯಾಗುವುದು. ಇಲಿಯ ಪ್ರಾಸ್ಟೇಟ್ ಬಿಡಿಬಿಡಿ ಹಾಲೆಗಳಾಗಿದ್ದು, ನಮ್ಮಲ್ಲಿರುವಂತೆ ಗಟ್ಟಿ ಹೊದಿಕೆಯೊಳಗೆ ಮೂತ್ರನಾಳವನ್ನು ಒತ್ತುವುದಿಲ್ಲ. ವಯಸ್ಸಾದ ಗಂಡಸರಲ್ಲಿ ಊದುವ ಭಾಗದಲ್ಲಿ ಸ್ನಾಯು ಮತ್ತು ನಾರಿನ ಅಂಗಾಂಶವೂ ಸಾಕಷ್ಟಿರುತ್ತದೆ.

ಮನುಷ್ಯರಲ್ಲೂ ಗುಣ ಕಂಡಿತ್ತಲ್ಲ ಎಂದು ನೀವು ಕೇಳಬಹುದು. 2003ರ ಇಟಲಿಯ ಅಧ್ಯಯನದಲ್ಲಿ ಕಂಡಿತ್ತು ನಿಜ, ಆದರೆ ಅದರಲ್ಲಿದ್ದವರು 30 ಮಂದಿ ಮಾತ್ರ. 2013ರಲ್ಲಿ ಪ್ರಕಟವಾದ 380 ಮಂದಿಯ ಅಧ್ಯಯನದಲ್ಲಿ ಕೆಲವರಿಗೆ ಬೊಟಾಕ್ಸ್, ಕೆಲವರಿಗೆ ಔಷಧವಿಲ್ಲದ ಚುಚ್ಚುಮದ್ದು ಕೊಟ್ಟರು. ಎರಡೂ ಗುಂಪುಗಳವರಿಗೆ ಹಿತವೆನಿಸಿತು, ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದ ಫಲಿತಾಂಶವೂ ಇದೇ. ಮೂತ್ರದ ತೊಂದರೆ ತಾನಾಗಿಯೇ ಏರಿಳಿಯುತ್ತದೆ, ಚಿಕಿತ್ಸೆ ಸಿಕ್ಕಿತೆಂಬ ಭರವಸೆಯೂ ಆರಾಮ ಕೊಡುತ್ತದೆ. ಹಾಗಾಗಿ ಹೋಲಿಕೆಯ ಗುಂಪಿಲ್ಲದೆ ಯಾವ ಚಿಕಿತ್ಸೆಯನ್ನೂ ನಂಬಬಾರದು. ಮೂತ್ರಕೋಶಕ್ಕೆ ಬೊಟಾಕ್ಸ್ ಕೊಡುತ್ತಾರಲ್ಲ ಎಂದರೆ, ಅದು ಮೂತ್ರಕೋಶದ ಸ್ನಾಯುವಿನ ಅತಿಚಟುವಟಿಕೆಗೆ ಕೊಡುವ, ಬೇರೆಯಾಗಿ ಪರೀಕ್ಷಿಸಿ ಒಪ್ಪಿದ ಚಿಕಿತ್ಸೆ. ಪ್ರಾಸ್ಟೇಟಿನಿಂದ ದಾರಿ ಬಿಗಿದವರಿಗೆ ಅದರಿಂದ ಮೂತ್ರ ಕಟ್ಟಿಕೊಳ್ಳುವ ಅಪಾಯವೂ ಇದೆ.

ಇಲಿಗಳ ಮೇಲಿನ ಪ್ರಯೋಗ ವ್ಯರ್ಥವೂ ಅಲ್ಲ. ಗ್ರಂಥಿಗೂ ನರಕ್ಕೂ ಇರುವ ನಂಟನ್ನು ಅದು ತೋರಿಸಿತು. ಆದರೆ ಅದು ಸಂಶೋಧನೆಯ ಮೊದಲ ಹೆಜ್ಜೆ, ಚಿಕಿತ್ಸೆಯ ಚೀಟಿಯಲ್ಲ. ನಿಮಗೆ ಪುರಾವೆಯಿರುವ ದಾರಿಗಳಿವೆ: ಸ್ನಾಯು ಸಡಿಲಿಸುವ ಟ್ಯಾಮ್ಸುಲೋಸಿನ್, ಕೆಲವು ತಿಂಗಳಲ್ಲಿ ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟರೈಡ್, ಅಗತ್ಯಬಿದ್ದರೆ ಶಸ್ತ್ರಚಿಕಿತ್ಸೆ. ರಾತ್ರಿ ಏಳುವುದಕ್ಕೆ ಸಕ್ಕರೆ ಕಾಯಿಲೆಯೂ ಕಾರಣವಾಗಿರಬಹುದು. ಮೊದಲು ಮೂತ್ರರೋಗ ತಜ್ಞರಿಗೆ ತೋರಿಸಿ, ಮೂತ್ರ ಮತ್ತು ರಕ್ತ ಪರೀಕ್ಷೆ ಮಾಡಿಸಿ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.