ಕಂಡದ್ದನ್ನು ಯಾರಿಗೆ ಹೇಳಬೇಕು

ತಮ್ಮಾ,

ನಿನ್ನ ಜೊತೆಗಿದ್ದ ಹುಡುಗ ಕಾಲುವೆಯಲ್ಲಿ ಮುಳುಗಿ ತೀರಿಕೊಂಡಾಗಿನಿಂದ ಬಂದವರೆಲ್ಲ ನಿನ್ನನ್ನು ಒಂದೇ ಮಾತು ಕೇಳುತ್ತಿದ್ದಾರೆಂದು ನಿಮ್ಮವ್ವ ಫೋನಿನಲ್ಲಿ ಹೇಳಿದಳು. "ಕಣ್ಣಾರೆ ನೋಡಿದಿಯಂತಲ್ಲ, ಹೆಂಗಾತು?" ಚಹಾದಂಗಡಿಯಲ್ಲಿ ಅದೇ, ಗದ್ದೆಯ ಬದುವಿನ ಮೇಲೂ ಅದೇ. ನೀನು ಪ್ರತಿಯೊಬ್ಬರಿಗೂ ಮೊದಲಿನಿಂದ ಕೊನೆಯವರೆಗೆ ಹೇಳುತ್ತೀಯಂತೆ. ಆಮೇಲೆ ಮನೆಗೆ ಬಂದು ಉಣ್ಣದೆ ಗೋಡೆ ಕಡೆ ಮುಖ ಮಾಡಿ ಮಲಗುತ್ತೀಯಂತೆ. ನನ್ನ ಮೊದಲ ಮಾತು ಇದು: ನೀನು ಹೇಳಬೇಕಾಗಿಲ್ಲ. "ಆಗಬಾರದ್ದು ಆಗಿಹೋತು ಬಿಡ್ರಿ" ಅಂದು ಎದ್ದು ಬಾ. ಕುತೂಹಲಕ್ಕೆ ಕೇಳುವವರ ಋಣ ನಿನ್ನ ಮೇಲೆ ಯಾವುದೂ ಇಲ್ಲ.

ಹಾಗೆಂದು ಎಲ್ಲವನ್ನೂ ನುಂಗಿಕೊಂಡು ಕೂಡು ಎನ್ನುತ್ತಿಲ್ಲ. ನಮ್ಮ ಕಡೆ ಬಳ್ಳಾರಿ ಜಾಲಿಯ ಮುಳ್ಳು ಅಂಗಾಲಲ್ಲಿ ಮುರಿದರೆ ಏನಾಗುತ್ತದೆ ಗೊತ್ತಲ್ಲ. ಹಾಗೇ ಬಿಟ್ಟರೆ ಕೀವಾಗುತ್ತದೆ. ಹೋದವರು ಬಂದವರೆಲ್ಲ ಸೂಜಿ ಹಿಡಿದು ಕೆದಕಿದರೂ ಕೀವಾಗುತ್ತದೆ. ದೊಡ್ಡ ದುರಂತವಾದಾಗ, ಕಂಡವರನ್ನೆಲ್ಲ ಒಂದೆರಡು ದಿನದೊಳಗೆ ಕೂಡಿಸಿ, ಒಬ್ಬೊಬ್ಬರಿಂದಲೂ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಬಹಳ ವರ್ಷ ನಡೆಯಿತು. ಹೇಳಿದವರನ್ನೂ ಹೇಳದವರನ್ನೂ ಹೋಲಿಸಿ ನೋಡಿದಾಗ ಲಾಭವೇನೂ ಕಾಣಲಿಲ್ಲ, ಕೆಲವರಿಗಂತೂ ತೊಂದರೆ ಹೆಚ್ಚಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಗೆಂದು ಹೊರತಂದ ಕೈಪಿಡಿಯಲ್ಲಿ, ಯಾರನ್ನೂ ಒತ್ತಾಯಿಸಿ ಹೇಳಿಸಬೇಡಿ ಎಂದೇ ಇದೆ. ನಿನಗೆ ಬೇಕೆನಿಸಿದ ಹೊತ್ತಿಗೆ, ನೀನು ಆರಿಸಿಕೊಂಡ ಒಬ್ಬರ ಮುಂದೆ, ಎಷ್ಟು ಬರುತ್ತದೋ ಅಷ್ಟು ಹೇಳು, ಸಾಕು.

ಕಾಲುವೆ ನೀರಿನ ಸಪ್ಪಳ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ, ನಡುರಾತ್ರಿ ಬೆಚ್ಚಿ ಏಳುತ್ತೀಯ, ಅನ್ನ ಗಂಟಲಲ್ಲಿ ನಿಲ್ಲುತ್ತದೆ, ಕಣ್ಣು ಮುಚ್ಚಿದರೆ ಅದೇ ಮುಖ. ಇದು ಹೇಡಿತನವೂ ಅಲ್ಲ, ತಲೆ ಕೆಟ್ಟದ್ದೂ ಅಲ್ಲ. ಹರೆಯದ ಹುಡುಗ ಕಣ್ಣೆದುರು ಸತ್ತರೆ ಯಾವ ಮೈಯೂ ಹೀಗೇ ಆಡುತ್ತದೆ. ಬಹಳ ಮಂದಿಗೆ ವಾರಗಳು ಕಳೆದಂತೆ ತಾನಾಗಿಯೇ ಇಳಿಯುತ್ತದೆ. ನಿಮ್ಮವ್ವ ಗಾಳಿ ಸೋಕಿದೆ ಎಂದು ದರ್ಗಾಕ್ಕೆ ಕರೆದುಕೊಂಡು ಹೋಗಿ ಅಂತ್ರ ಕಟ್ಟಿಸಿದಳಂತೆ. ಕಟ್ಟಿಸಿಕೋ, ನಗಬೇಡ. ಅವಳ ಭಯಕ್ಕೂ ಒಂದು ಮದ್ದು ಬೇಕಲ್ಲ. ಆದರೆ ಅಂತ್ರ ಕಟ್ಟಿದ ಮೇಲೆ ಮುಗಿಯಿತು ಎಂದು ಆಕೆಯೂ ತಿಳಿಯಬಾರದು, ನೀನೂ ತಿಳಿಯಬಾರದು.

ಈ ಮುದುಕನಿಗೆ ಇದೆಲ್ಲ ಹೇಗೆ ಗೊತ್ತು ಅಂತೀಯ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕನಾಗಿ ಊರೂರು ತಿರುಗಿದವನು. ಮಲೇರಿಯಾಕ್ಕೆ ರಕ್ತ ಲೇಪನ ತೆಗೆಯುವುದು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ನಮ್ಮ ಕೆಲಸ. ಕುರುಗೋಡು ಆಗ ತಾಲೂಕೂ ಆಗಿರಲಿಲ್ಲ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಜಿಲ್ಲೆಯನ್ನು ಆರಿಸಿಕೊಂಡು ಒಂದು ಪ್ರಯೋಗ ಶುರು ಮಾಡಿತು. ಹಿಂದೆ 1982ರಲ್ಲಿ ದೇಶಕ್ಕೊಂದು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಕಾಗದದ ಮೇಲೆ ಬಂದಿತ್ತು. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ನಡೆಸಲು ಬರುತ್ತದೆಯೇ ಎಂದು ನೋಡಬೇಕಿತ್ತು. ಡಾ. ಆರ್. ಶ್ರೀನಿವಾಸ ಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ. ಆರ್. ಚಂದ್ರಶೇಖರ್ ಮುಂತಾದವರು ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯದ ಕೆಲಸ ಕಟ್ಟುತ್ತಿದ್ದ ಕಾಲ ಅದು. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ನೀನು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನೋಡಿರಬಹುದು.

ಅವರ ವಿಚಾರ ಸರಳವಾಗಿತ್ತು. ಹಳ್ಳಿಗೊಬ್ಬ ಮನೋವೈದ್ಯ ನೂರು ವರ್ಷವಾದರೂ ಬರುವುದಿಲ್ಲ. ಹಾಗಾದರೆ ಇದ್ದ ವೈದ್ಯರಿಗೆ, ಇದ್ದ ನರ್ಸಮ್ಮನಿಗೆ, ಸೈಕಲ್ ತುಳಿಯುವ ನಮ್ಮಂಥವರಿಗೆ ಕಲಿಸೋಣ, ನಾಲ್ಕೈದು ಬಗೆಯ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುವಂತೆ ಮಾಡೋಣ. ಮನೆಮನೆಗೆ ಹೋದಾಗ ಜ್ವರ ಇದೆಯೇ ಎಂದು ಕೇಳುವಂತೆಯೇ, ಮಂಕಾಗಿ ಮೂಲೆ ಹಿಡಿದವರು, ಫಿಟ್ಸ್ ಬರುವವರು ಇದ್ದಾರೆಯೇ ಎಂದು ಕೇಳಿದೆವು. ಕೇಳಿದ್ದೇ ತಡ, ಕೊಟ್ಟಿಗೆಗಳಿಂದ, ಹಿತ್ತಲ ಕೋಣೆಗಳಿಂದ ಜನ ಹೊರಗೆ ಬಂದರು. ಮೂರ್ಛೆರೋಗದ ಮಕ್ಕಳೇ ಎಷ್ಟೊಂದು! ಆ ಕೆಲಸ ದೇಶದಲ್ಲಿ 'ಬಳ್ಳಾರಿ ಮಾದರಿ' ಎನ್ನಿಸಿಕೊಂಡಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಶುರು ಮಾಡಿದ್ದು ಇದರ ಮೇಲೆಯೇ. ಬಳ್ಳಾರಿ ಅಂದರೆ ಬಿಸಿಲು, ಗಣಿ, ಜೀನ್ಸ್ ಪ್ಯಾಂಟು ಅನ್ನುವವರಿಗೆ ಈ ಸಂಗತಿ ಗೊತ್ತಿಲ್ಲ. ನಮ್ಮ ಜಿಲ್ಲೆಯವರಿಗೇ ಗೊತ್ತಿಲ್ಲ, ಅದು ನನಗೆ ಇನ್ನೂ ಸಿಟ್ಟು.

ಆದರೆ ನಮಗೆ ಕಲಿಸಿದ್ದರಲ್ಲಿ ಒತ್ತು ಇದ್ದದ್ದು ತೀವ್ರ ಮಾನಸಿಕ ಕಾಯಿಲೆ, ಮೂರ್ಛೆರೋಗ, ಬುದ್ಧಿಮಾಂದ್ಯತೆಗಳ ಮೇಲೆ. ಸಾವನ್ನು ಕಣ್ಣಾರೆ ಕಂಡು ಕಲ್ಲಾದವನಿಗೆ ಆ ಪಾಠದಲ್ಲಿ ಜಾಗ ಸಿಗಲಿಲ್ಲ. ಹೊರಗಿನ ಜಗತ್ತಿನಲ್ಲೂ ಅದಕ್ಕೊಂದು ಹೆಸರು ಸಿಕ್ಕು ಆಗಿನ್ನೂ ಐದು ವರ್ಷ. ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರನ್ನು ನೋಡಿ ನೋಡಿ, 1980ರಲ್ಲಿ ಅಮೆರಿಕದ ಮನೋವೈದ್ಯರು ಪಿಟಿಎಸ್‌ಡಿ ಎಂಬುದನ್ನು ತಮ್ಮ ಪಟ್ಟಿಗೆ ಸೇರಿಸಿದ್ದರು. ಇವತ್ತು ಅದೇ ಪಟ್ಟಿ, ತನಗಾದದ್ದನ್ನು ಮಾತ್ರವಲ್ಲ, ಇನ್ನೊಬ್ಬರಿಗಾದದ್ದನ್ನು ಎದುರು ನಿಂತು ನೋಡಿದ್ದನ್ನೂ ಪೆಟ್ಟು ಎಂದೇ ಎಣಿಸುತ್ತದೆ. ಕೆಲಸಕ್ಕಾಗಿ ಮತ್ತೆ ಮತ್ತೆ ಇಂಥದ್ದನ್ನು ಕಾಣಬೇಕಾದವರೂ ಅದರಲ್ಲಿದ್ದಾರೆ. 108ರ ಹುಡುಗರು, ಶವಾಗಾರದಲ್ಲಿ ದುಡಿಯುವವರು, ಪೊಲೀಸರು, ರೈಲು ಹಳಿ ಕಾಯುವವರು. ಇವರಿಗೆ ಅಭ್ಯಾಸ ಆಗಿಬಿಟ್ಟಿರುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೈಗೆ ಅಭ್ಯಾಸ ಆಗುತ್ತದೆ, ನಿದ್ದೆಗೆ ಆಗುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರಲ್ಲ, ಐದು ಜನ. ಯಾವ ಐವಿ ದ್ರಾವಣ, ಯಾರ ತಪ್ಪು ಎಂಬ ಚರ್ಚೆ ಆಗಬೇಕಾದ್ದೇ, ಆಯಿತು. ನನಗೆ ಮಾತ್ರ ಅದೇ ವಾರ್ಡಿನಲ್ಲಿದ್ದ ಉಳಿದ ಬಾಣಂತಿಯರ ಯೋಚನೆ. ಪಕ್ಕದ ಮಂಚ ಖಾಲಿಯಾದದ್ದನ್ನು ಕಂಡು, ಮಗುವಿಗೆ ಹಾಲೂಡಿಸುತ್ತ ಮಲಗಿದ್ದವರನ್ನು ಯಾರು ವಿಚಾರಿಸಿದರೋ.

ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನನ್ನು ತಿನ್ನುತ್ತಿರುವುದು ಕಂಡ ದೃಶ್ಯಕ್ಕಿಂತ ಹೆಚ್ಚಾಗಿ ಒಂದು ಲೆಕ್ಕ ಎಂದು ನನಗೆ ಅನಿಸುತ್ತದೆ. ಒಂದು ನಿಮಿಷ ಮೊದಲು ತಿರುಗಿ ನೋಡಿದ್ದರೆ? ಹಗ್ಗ ಟ್ರ್ಯಾಕ್ಟರಿನಲ್ಲೇ ಇತ್ತಲ್ಲ? ಆ ಲೆಕ್ಕವನ್ನು ನಾನೂ ನಿನ್ನ ಜೊತೆ ಕೂತು ಮಾಡುತ್ತೇನೆ. ಎಲ್‌ಎಲ್‌ಸಿ, ಅಂದರೆ ಕೆಳಮಟ್ಟದ ಕಾಲುವೆಗೆ ನೀರು ಬಿಟ್ಟಾಗ ಮೇಲೆ ನೋಡಿದರೆ ನಿಧಾನ, ಒಳಗೆ ಎಳೆತ. ಗಾರೆ ಹಾಕಿದ ಇಳಿಜಾರು, ಅದರ ಮೇಲೆ ಪಾಚಿ, ಹಿಡಿಯಲು ಬೇರಿಲ್ಲ, ಕಾಲೂರಲು ಮೆಟ್ಟಿಲಿಲ್ಲ. ಮುಳುಗುವವನು ಸಿನಿಮಾದಲ್ಲಿ ಕೂಗಿದಂತೆ ಕೂಗುವುದಿಲ್ಲ. ಉಸಿರು ಎಳೆದುಕೊಳ್ಳುವುದಕ್ಕೇ ಬಾಯಿ ಸಾಲದಾಗ ಕೂಗು ಎಲ್ಲಿಂದ ಬರಬೇಕು. ಬಹಳ ಸಲ ಸದ್ದೇ ಆಗದೆ ಮುಗಿದುಹೋಗುತ್ತದೆ. ಅವನು ಕರೆದದ್ದು ನಿನಗೆ ಕೇಳಿಸಲಿಲ್ಲ ಎಂದು ನೀನು ಅಳುತ್ತಿದ್ದೀಯ. ಅವನಿಂದ ಕರೆಯಲು ಆಗಿರಲಿಕ್ಕಿಲ್ಲ. ಆಮ್ಲಜನಕ ನಿಂತರೆ ನಾಲ್ಕರಿಂದ ಆರು ನಿಮಿಷದಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಈಜು ಬಾರದ ನೀನು ಹಾರಿದ್ದರೆ ನಿಮ್ಮವ್ವ ಇವತ್ತು ನನಗೆ ಬೇರೆ ಸುದ್ದಿ ಹೇಳುತ್ತಿದ್ದಳು. ಹಾರದೆ ಜನರನ್ನು ಕೂಗಿದೆ, ಹಗ್ಗ ಎಸೆದೆ, ಎಳೆದು ತಂದು ಎದೆ ಒತ್ತಿದೆ. ಮಾಡಬೇಕಾದ್ದೇ ಅದು. ಉಳಿಯಲಿಲ್ಲ ಅನ್ನುವುದು ನೀನು ಮಾಡಿದ್ದನ್ನು ತಪ್ಪು ಮಾಡುವುದಿಲ್ಲ.

ಈ ಲೆಕ್ಕ ಹೇಳಿದ ಮಾತ್ರಕ್ಕೆ ಮನಸ್ಸು ಒಪ್ಪುವುದಿಲ್ಲ, ಗೊತ್ತು. ರಾತ್ರಿ ಮತ್ತೆ ಕೇಳುತ್ತದೆ. ಕೇಳಿದಾಗಲೆಲ್ಲ ಇದೇ ಉತ್ತರ ಕೊಡು.

ಯಾರೋ ಕಾಲುವೆ ದಂಡೆಯ ಮೇಲೆ ವಿಡಿಯೊ ತೆಗೆದಿದ್ದಾರಂತೆ, ನಿನ್ನ ಮೊಬೈಲಿಗೂ ಬಂದಿದೆಯಂತೆ. ಅಳಿಸಿಬಿಡು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆದ ವಿಡಿಯೊ ದೇಶವೆಲ್ಲ ಓಡಾಡಿತು. ಅದು ಹೊರಬಿದ್ದದ್ದು ಒಳ್ಳೆಯದೇ ಆಯಿತು, ಜಿಲ್ಲಾಧಿಕಾರಿ ಕ್ಷಮೆ ಕೇಳಿದರು, ಆ ಕೆಲಸಕ್ಕೆ ಬೇರೆ ತಂಡ ಬಂತು. ಆದರೆ ಒಮ್ಮೆ ಯೋಚಿಸು, ಆ ಗುಂಡಿಯಲ್ಲಿ ತಂದೆಯೋ ತಾಯಿಯೋ ಇದ್ದವರ ಮೊಬೈಲಿಗೂ ಅದೇ ವಿಡಿಯೊ ದಿನಕ್ಕೆ ಹತ್ತು ಸಲ ಬಂದಿರಬೇಕು. ತಪ್ಪು ತೋರಿಸುವ ವಿಡಿಯೊ ಆದರೆ ವಿಚಾರಣೆ ಮಾಡುವವರ ಕೈಗೆ ಕೊಡು. ನಿನ್ನಲ್ಲಿರುವುದು ಅಂಥದ್ದಲ್ಲ, ಯಾರಿಗೂ ಕಳಿಸಬೇಡ, ನೀನೂ ನೋಡಬೇಡ.

ರಾತ್ರಿ ನಿದ್ದೆ ಬಾರದಿದ್ದರೆ ಗೆಳೆಯರು ಬಾಟಲಿ ತೋರಿಸುತ್ತಾರೆ, ಮೆಡಿಕಲ್ ಅಂಗಡಿಯವನು ನಿದ್ದೆ ಮಾತ್ರೆ ಕೊಡುತ್ತಾನೆ. ಎರಡೂ ಬೇಡ. ಇಂಥ ಆಘಾತವಾದ ಮೊದಲ ತಿಂಗಳಲ್ಲಿ ಆ ಬಗೆಯ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2013ರಲ್ಲಿ ವೈದ್ಯರಿಗೆ ಹೇಳಿದೆ. ಕಣ್ಣಿಗೂ ಕೈಗೂ ಕೆಲಸ ಕೊಡು. ಆಕ್ಸ್‌ಫರ್ಡ್‌ನಲ್ಲಿ ಎಮಿಲಿ ಹೋಮ್ಸ್ ಎಂಬಾಕೆ ಮತ್ತು ಜೊತೆಯವರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಪಘಾತ, ಸಾವುನೋವಿನ ದೃಶ್ಯಗಳ ಚಿತ್ರ ತೋರಿಸಿ, ಅರ್ಧ ಗಂಟೆಯ ಮೇಲೆ ಕೆಲವರಿಗೆ ಟೆಟ್ರಿಸ್ ಆಡಿಸಿದರು, ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಆಟ. ಆಡಿದವರಿಗೆ ಆ ವಾರದಲ್ಲಿ ದೃಶ್ಯಗಳು ಮರುಕಳಿಸಿದ್ದು ಕಡಿಮೆ. ನಾನು ಮೊಬೈಲ್ ಆಟಕ್ಕೆ ಬೈಯುವವನೇ, ನಿನಗೂ ಬೈದಿದ್ದೇನೆ. ಈ ತಿಂಗಳು ಬೈಯುವುದಿಲ್ಲ.

ಒಂದು ತಿಂಗಳು ಕಳೆದರೂ ಇದೇ ಕಾಡಿದರೆ, ಕಾಲುವೆ ಕಡೆ ಹೋಗಲಾರದೆ ಗದ್ದೆ ಕೆಲಸವನ್ನೇ ಬಿಟ್ಟರೆ, ಬದುಕೇ ಬೇಡವೆನಿಸಿದರೆ (ಹಾಗನ್ನಿಸಿದರೆ ತಿಂಗಳು ಕಾಯಬೇಡ, ಆ ಗಳಿಗೆಯಲ್ಲೇ ನನ್ನನ್ನು ಎಬ್ಬಿಸು), ಆಗ ಆಸ್ಪತ್ರೆಗೆ. ಟೆಲಿಮಾನಸ್ ಎಂಬ ಸರ್ಕಾರದ ಫೋನು ಇದೆ, 14416, ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ. ಸಿರುಗುಪ್ಪದ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸು. ಇಲ್ಲವೇ ಬಳ್ಳಾರಿಗೇ ಹೋಗೋಣ, ನಾವೆಲ್ಲ ವಿಮ್ಸ್ ಎನ್ನುತ್ತಿದ್ದ ದೊಡ್ಡಾಸ್ಪತ್ರೆಗೆ. ಹುಚ್ಚರ ಡಾಕ್ಟರ ಹತ್ತಿರ ಹೋದ ಎಂದು ಯಾರಾದರೂ ಆಡಿದರೆ, ನಲವತ್ತು ವರ್ಷದ ಹಿಂದೆ ದೇಶಕ್ಕೇ ಆ ದಾರಿ ತೋರಿಸಿದ್ದು ನಮ್ಮ ಜಿಲ್ಲೆ ಎಂದು ಹೇಳು.

ಇನ್ನು ಉಳಿದದ್ದು ಆ ಹುಡುಗನ ಮನೆ. ಮಣ್ಣಿಗೆ ನೀನು ಹೋಗಲಿಲ್ಲ, ಹೋಗುವ ಧೈರ್ಯವಾಗಲಿಲ್ಲ, ಅದಕ್ಕೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಅವರು ದಿನ ಮಾಡುವಾಗ ಹೋಗು. ಊರಿಗೆಲ್ಲ ಹೇಳಬೇಕಾಗಿಲ್ಲ ಅಂದೆನಲ್ಲ, ಅವನ ತಾಯಿಗೆ ಮಾತ್ರ ಕೇಳುವ ಹಕ್ಕಿದೆ. ಕೊನೆಗೆ ಅವನ ಹತ್ತಿರ ಯಾರಿದ್ದರು ಎಂಬುದನ್ನು ತಿಳಿಯದೆ ಆಕೆಗೆ ಇರಲಾಗುವುದಿಲ್ಲ. ಕೋವಿಡ್‌ನಲ್ಲಿ ಮುಖವನ್ನೂ ನೋಡದೆ ಕಳಿಸಿಕೊಟ್ಟವರನ್ನು ಕಂಡಿದ್ದೇನೆ. ವರ್ಷಗಳಾದರೂ ಅವರು ಕೇಳುವುದು ಅದೊಂದನ್ನೇ, ಯಾರಾದರೂ ಬಾಯಿಗೆ ನೀರು ಹಾಕಿದರೇನು ಎಂದು. ಆಕೆ ಕೇಳಿದರೆ ಸುಳ್ಳು ಹೇಳಬೇಡ, ಉದ್ದ ಮಾಡಬೇಡ. ಬೇಗ ಆಗಿಹೋಯಿತು, ನಾನು ಕೈ ಹಿಡಿದುಕೊಂಡಿದ್ದೆ, ಎಷ್ಟು ಪ್ರಯತ್ನಪಟ್ಟರೂ ಉಳಿಸಿಕೊಳ್ಳಲಾಗಲಿಲ್ಲ. ಇಷ್ಟೇ ನಿಜ, ಇಷ್ಟೇ ಹೇಳು. ನೊರೆ ಬಂದದ್ದು, ಕಣ್ಣು ತೆರೆದಿದ್ದದ್ದು ಆಕೆ ತಾನಾಗಿ ಕೇಳುವವರೆಗೆ ನಿನ್ನಲ್ಲೇ ಇರಲಿ. ಆಕೆ ಬೈದರೂ ಬೈಯಬಹುದು. ನಿನ್ನ ಜೊತೆ ಬಂದವನು, ನೀನು ಮಾತ್ರ ಉಳಿದು ಬಂದೆಯಾ ಎನ್ನಬಹುದು. ಅದಕ್ಕೆ ಉತ್ತರ ಕೊಡಬೇಡ, ಎದ್ದು ಬರಬೇಡ, ಆಕೆ ಮುಗಿಸುವ ತನಕ ಕೂತಿರು. ಊಟಕ್ಕೆ ಏಳು ಅಂದರೆ ಎರಡು ತುತ್ತು ಉಂಡು ಬಾ.

ಒಬ್ಬನೇ ಹೋಗಬೇಡ. ಯಾವ ದಿನ ಎಂದು ಮೊದಲೇ ಫೋನ್ ಮಾಡು. ಕುರುಗೋಡಿನಿಂದ ಬೆಳಗಿನ ಬಸ್ಸು ಹಿಡಿದು ನಾನೂ ಬರುತ್ತೇನೆ.